ಹಂಗಳದ ಮೂರು ಟೀ

೫-೧೨-೧೯೫೪, ಭಾನುವಾರ

ಮೋಟಾರ್ ಸೈಕಲ್ ಓಟದಲ್ಲಿ ನನ್ನನ್ನು ಸೋಲಿಸುವ ಗಂಡಸು ಮೈಸೂರು ಸೀಮೆಯಲ್ಲೇ ಇನ್ನೂ ಹುಟ್ಟಿಲ್ಲ. ಇವತ್ತೂ ಗುಂಡ್ಲುಪೇಟೆಯಿಂದ ಹೊರಟು ಹಂಗಳವನ್ನು ನಾನೇ ಮೊದಲು ಮುಟ್ಟಿದೆ.

ನಮ್ಮ ಸಂಘದಲ್ಲಿ ಇದ್ದದ್ದೇ ಮೂವರು. ಪೀರ್ ಪಾಷಾ ಹೋದ ವರ್ಷ ಜ್ವರದಲ್ಲಿ ತೀರಿಕೊಂಡ. ಶಿವರುದ್ರ ಮೊನ್ನೆ ದೀಪಾವಳಿಯಾದ ಮೇಲೆ ಹೋದ. ದಾರಿಯಲ್ಲಿ ಸುಮ್ಮನೆ ಹಾರನ್ ಹೊಡೆದೆ. ಮೊದಲೆಲ್ಲ ಮುಂದಿನ ತಿರುವಿನಿಂದ ಉತ್ತರ ಬರುತ್ತಿತ್ತು.

ಟೀ ಅಂಗಡಿಯ ಗುರುಮಲ್ಲಮ್ಮ ನನ್ನನ್ನು ಕಂಡು, "ಅಯ್ಯೋ ಮಾವ, ಇಷ್ಟ್ ವರ್ಸದಲ್ಲಿ ನೀನ್ ಮೊದ್ಲು ಬಂದಿರದು ಇವತ್ತೇಯ!" ಎಂದು ನಕ್ಕಳು. ಆಮೇಲೆ ಒಬ್ಬನೇ ಇದ್ದದ್ದು ನೋಡಿ ಒಂದೇ ಲೋಟ ತೆಗೆದಿಟ್ಟಳು.

"ಮೂರು ಟೀ ಹಾಕಮ್ಮಿ" ಎಂದೆ.

ಕೊನೆಗೆ ಬಂದವನು ಎಲ್ಲರ ಟೀಗೂ ಕಾಸು ಕೊಡಬೇಕು ಎನ್ನುವುದು ಪಾಷಾ ಮಾಡಿದ ಕಟ್ಟಳೆ. ನಾನು ಜೇಬಿಗೆ ಕೈ ಹಾಕಿದರೆ ಅವಳು, "ಗೆದ್ದೋರು ಕಾಸು ಕೊಟ್ಟಾರಾ? ಬುಡು ಮಾವ" ಎಂದಳು.

"ನನ್ ಹಿಂದೆ ಯಾರಮ್ಮಿ ಬಂದ್ರು? ಕೊನೇಗ್ ಬಂದೋನೂ ನಾನೇ ಕಣಮ್ಮಿ."

ಒಂದು ಲೋಟ ಕುಡಿದೆ. ಉಳಿದೆರಡು ಕೆನೆಗಟ್ಟುವವರೆಗೂ ಅಲ್ಲೇ ಕೂತಿದ್ದೆ.

ಮನೆಯಲ್ಲಿ ಒಂದಾಣೆ ಖರ್ಚಾಯಿತು ಎಂದು ಹೇಳಿದ್ದೇನೆ. ಸೋತದ್ದು ಮೂರಾಣೆ.