ನಲವತ್ತೇಳನೇ ಪಾಯಿಂಟಿಗೆ ತಂತಿ ಕಟ್ಟಿದವನಿಗೆ

ಕೆಂಚನಕೊಪ್ಪ ಜಂಕ್ಷನ್,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ತೊಂಬತ್ತೊಂದು.

ತಂತಿ ಕಟ್ಟಿದವನೇ,

ತಾರೀಖು ನೋಡಿ ನಗಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ದಿನಗಳಲ್ಲಿ ಯಾವ ಗಾಲಿಯೂ ಉರುಳುವುದಿಲ್ಲ, ಹಳಿಗಳನ್ನು ಕೈಯಿಂದ ಮುಟ್ಟಿ ನೋಡುತ್ತೇವೆ. ನನ್ನ ಕೆಲವು ಮಾತು ನಿನಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಕ್ಷಮೆ ಅಷ್ಟಕ್ಕೇ. ನೂರ ಅರವತ್ತನಾಲ್ಕು ವರ್ಷ ಹಿರಿಯನಲ್ಲವೇ, ‘ತಾವು’ ಎಂದು ಬರೆಯೋಣವೆಂದು ಕೂತೆ. ಕೈ ಬರಲಿಲ್ಲ.

ನಾನು ದ್ಯಾಮವ್ವ, ಈ ಕಟ್ಟೆಯ ಹಿರಿಯಳು. ನೀವು ಜಂಕ್ಷನ್ ಎನ್ನುತ್ತಿದ್ದುದನ್ನು ನಾವು ಕಟ್ಟೆ ಎನ್ನುತ್ತೇವೆ. ನನ್ನ ಮಗಳು ಇರುವಂತಿಗೆ ಇಪ್ಪತ್ಮೂರು ವರ್ಷ. ಒಂಬತ್ತು ಜನರ ಸಾವಿಗೆ ಕಾರಣಳಾದಳೆಂಬ ಆರೋಪದ ಮೇಲೆ ಅವಳು ಇಪ್ಪತ್ತಾರು ದಿನದಿಂದ ಬೀಗದೊಳಗಿದ್ದಾಳೆ. ನಾಳೆ ಬೆಳಿಗ್ಗೆ ಹತ್ತಕ್ಕೆ ತೀರ್ಪು. ಹನ್ನೆರಡು ವರ್ಷದ ಸೆರೆ ಖಂಡಿತ ಎಂದು ಎಲ್ಲರೂ ಹೇಳುತ್ತಿದ್ದಾರೆ. ಆ ಹನ್ನೆರಡು ವರ್ಷದಲ್ಲಿ ನಿನ್ನ ಪಾಲು ಎಷ್ಟೆಂದು ತಿಳಿಸಲು ಈ ಕಾಗದ.

ನಿಮ್ಮ ಕಾಲದಲ್ಲಿ ಜಂಕ್ಷನ್ ಎಂದರೆ ಕಾಯುವ ಜಾಗವಂತೆ. ಜನ ಗಂಟುಮೂಟೆ ಹೊತ್ತು ಇಳಿದು, ಚಹಾ ಕುಡಿದು, ಇನ್ನೊಂದು ಗಾಡಿಗೆ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರಂತೆ. ನಮ್ಮಲ್ಲಿ ಯಾರೂ ಇಳಿಯುವುದಿಲ್ಲ. ನಾವು ಸರಣಿ ಎನ್ನುವುದು ನಿಮ್ಮ ರೈಲನ್ನೇ, ಆದರೆ ಅದಕ್ಕೆ ಚಾಲಕನಿಲ್ಲ. ಕಟ್ಟೆ ಹತ್ತಿರವಾದಂತೆ ಡಬ್ಬಿಗಳು ಓಡುತ್ತಲೇ ಬಿಡಿಬಿಡಿಯಾಗಿ, ಒಂದೊಂದೂ ತನ್ನ ದಾರಿ ಹಿಡಿದು, ಆಚೆ ಹೋಗಿ ಬೇರೆ ಸರಣಿಗೆ ಸೇರಿಕೊಳ್ಳುತ್ತವೆ. ಒಳಗೆ ಕೂತವರಿಗೆ ಕೈಯಲ್ಲಿರುವ ಗಂಜಿಯ ಲೋಟವೂ ಅಲುಗುವುದಿಲ್ಲ. ಹಳಿಗೆಲ್ಲ ಸುಣ್ಣ ಬಳಿದಿರುತ್ತೇವೆ, ಬಿಸಿಲು ಅಂಥದ್ದು. ಹನ್ನೆರಡರಿಂದ ನಾಲ್ಕರವರೆಗೆ ‘ಬಿಸಿಲುಬಂದ್’, ಊರಲ್ಲಿ ನಾಯಿಯೂ ಹೊರಗೆ ಬರುವುದಿಲ್ಲ. ಕಟ್ಟೆಯವರು ಮಾತ್ರ ಒದ್ದೆ ಕಂಬಳಿ ಹೊದ್ದು ಹಳಿಯ ಮೇಲೆ ಇರುತ್ತೇವೆ.

ಇದೇ ಜಾಗದಲ್ಲಿ ನಿನ್ನ ಮುತ್ತಜ್ಜನ ಕಾಲಕ್ಕೆ ಎರಡೇ ದಾರಿ ಇದ್ದವು, ಒಂದನ್ನೊಂದು ಅಡ್ಡ ಹಾಯುವ ಮೀಟರ್ ಗೇಜು. ಕ್ಯಾಬಿನ್ನಿನಲ್ಲಿ ದಾರಿ ಬದಲಿಸುವ ಲಿವರುಗಳ ಸಾಲು. ಒಂದನ್ನು ಎಳೆದರೆ ಅದಕ್ಕೆ ವಿರುದ್ಧವಾದದ್ದು ಅಲುಗದಂತೆ ಕಬ್ಬಿಣಕ್ಕೆ ಕಬ್ಬಿಣ ಅಡ್ಡ ಬೀಳುತ್ತಿತ್ತು. ಕಬ್ಬಿಣಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಆಮೇಲೆ ಬ್ರಾಡ್ ಗೇಜು ಬಂತು, ದಾರಿ ನಾಲ್ಕಾದವು, ಆರಾದವು. ಲಿವರ್ ಹೋಗಿ, ಅದೇ ಕೆಲಸವನ್ನು ಕರೆಂಟಿನಿಂದ ಮಾಡುವ ರಿಲೇ ಕೋಣೆಯ ಸಾವಿರ ತಂತಿ ಬಂದವು. ಅದು ನಿನ್ನ ಕಾಲ. ನಿನ್ನ ನಂತರ ಕಂಪ್ಯೂಟರು, ಅದರ ನಂತರ ಮೇಲುದಾರಿ, ಸುರಂಗ, ಈಗ ಮೂರು ಅಂತಸ್ತಿನಲ್ಲಿ ಹನ್ನೊಂದು ದಾರಿ. ಇಷ್ಟೆಲ್ಲ ಬದಲಾದರೂ ನಲವತ್ತೇಳನೇ ಪಾಯಿಂಟು ಅಲ್ಲೇ ಇದೆ.

ಪಾಯಿಂಟೆಂದರೇನೆಂದು ನಿನಗೆ ಹೇಳಬೇಕಿಲ್ಲ, ಆದರೆ ಈ ಕಾಗದ ಬೇರೆಯವರ ಕೈಗೂ ಬೀಳಲಿ. ದಾರಿ ಕವಲೊಡೆಯುವಲ್ಲಿ ಚೂಪಾದ ಹಳಿಯ ತುಂಡೊಂದು ಪಕ್ಕದ ಹಳಿಗೆ ಅಂಟಿ ಕೂರಬೇಕು. ಕೂತಿದೆ ಎಂಬ ಸುದ್ದಿ ತಂತಿಯಲ್ಲಿ ಬಂದರೆ ಮಾತ್ರ ಸಿಗ್ನಲ್ ಹಸಿರಾಗಬೇಕು. ನಿನ್ನ ಎರಡು ಸಾವಿರದ ಇಪ್ಪತ್ತೇಳರ ಮೇ ತಿಂಗಳಲ್ಲಿ ನಲವತ್ತೇಳು ಬಿಸಿಲಿಗೆ ಹಿಗ್ಗಿ ಸರಿಯಾಗಿ ಕೂರುತ್ತಿರಲಿಲ್ಲ, ಸುದ್ದಿ ಬರುತ್ತಿರಲಿಲ್ಲ. ಮರುದಿನ ದೊಡ್ಡ ಸಾಹೇಬರ ತಪಾಸಣೆ. ಆಗ ನೀನು ರಿಲೇ ಕೋಣೆಗೆ ಹೋಗಿ ಗೇಣುದ್ದದ ಕೆಂಪು ತಂತಿ ಅಡ್ಡ ಕಟ್ಟಿದೆ. ಅಂದಿನಿಂದ ನಲವತ್ತೇಳು ಕೂತರೂ ಕೂರದಿದ್ದರೂ ‘ಕೂತಿದೆ’ ಎಂದೇ ಸುದ್ದಿ. ತಪಾಸಣೆಯ ದಿನದ ಸ್ಟೇಷನ್ ಮಾಸ್ಟರರ ಡೈರಿ ನಮ್ಮಲ್ಲಿದೆ: ‘ಎಲ್ಲ ಗಾಡಿಗಳೂ ಸಮಯಕ್ಕೆ ಸರಿಯಾಗಿ. ಸಾಹೇಬರಿಗೆ ಸಂತೋಷ. ಲಾಡು ಹಂಚಲಾಯಿತು.’ “ಇವತ್ತೊಂದಿನ ನಡೀಲಿ ಬಿಡ್ರಿ, ನಾಳೆ ತಗದ್ರಾತು” ಎಂದಿರಬೇಕು ನೀನು. ಲಾಡು ತಿಂದೆಯಾ? ಜೀರ್ಣವಾಯಿತಾ?

ನಾಳೆ ತೆಗೆಯಲಿಲ್ಲ. ಆಮೇಲೆ ನಡೆದದ್ದು ನಮ್ಮ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು. ಕಂಪ್ಯೂಟರು ಬಂದಾಗ ಅದನ್ನು ಪರೀಕ್ಷಿಸಿದ್ದು ಹೇಗೆ? ಹಳೆಯ ಕೋಣೆ ಕೊಟ್ಟ ಉತ್ತರವನ್ನೇ ಹೊಸದೂ ಕೊಟ್ಟರೆ ಪಾಸು. ಹಳೆಯದು ನಲವತ್ತೇಳು ಯಾವಾಗಲೂ ಕೂತಿದೆ ಎಂದಿತು, ಹೊಸದಕ್ಕೂ ಅದನ್ನೇ ಕಲಿಸಿದರು. ಅದರಿಂದ ಮುಂದಿನದಕ್ಕೆ, ಅದರಿಂದ ಇನ್ನೂ ಮುಂದಿನದಕ್ಕೆ. ಐದು ತಲೆಮಾರಿನ ಯಂತ್ರಗಳು ನಿನ್ನ ಸುಳ್ಳನ್ನು ನಿಯಮವೆಂದು ಬಾಯಿಪಾಠ ಮಾಡಿದವು. ನೀನು ಸತ್ತೆ, ನಿನ್ನ ಮೊಮ್ಮಕ್ಕಳೂ ಸತ್ತರು, ಸುಳ್ಳು ಮಾತ್ರ ಗುಂಡುಕಲ್ಲಿನ ಹಾಗೆ ಇದೆ.

ಯಂತ್ರ ನಂಬಿದರೂ ಹಳಿಯವರು ನಂಬಲಿಲ್ಲ. ಬಿಸಿಲೇರಿದ ಮೇಲೆ ದಿನಕ್ಕೆ ಮೂರು ಸಲ ಒಬ್ಬರು ಹೋಗಿ ನಲವತ್ತೇಳರ ಮೇಲೆ ಕೋಲಿನಿಂದ ತಟ್ಟುತ್ತಿದ್ದರು. ಕೂತಿದ್ದರೆ ಗಟ್ಟಿ ಸದ್ದು, ನಡುವೆ ಸಂದಿ ಇದ್ದರೆ ಒಡಕು ಸದ್ದು. ಒಡಕು ಕೇಳಿದರೆ ಕೆಂಪು ಬಟ್ಟೆ ಬೀಸಿ ಸರಣಿ ನಿಲ್ಲಿಸಿ, ನೀರು ಸುರಿದು ಕೂರಿಸುವುದು. ಏಕೆ ತಟ್ಟಬೇಕೆಂಬುದು ಕ್ರಮೇಣ ಮರೆತುಹೋಯಿತು. ತಟ್ಟುವ ಮೊದಲು ಹಳಿಗೆ ಕೈಮುಗಿಯುವುದು ಸೇರಿಕೊಂಡಿತು, ಕುಂಕುಮ ಸೇರಿತು. ಓದಿದವರು ಅದನ್ನು ಮೂಢನಂಬಿಕೆ ಎಂದರು. ಅಯ್ಯೋ, ಆ ಮೂಢನಂಬಿಕೆಯೇ ನಮ್ಮನ್ನು ಇಷ್ಟು ಕಾಲ ಕಾಯ್ದಿದ್ದು.

ಈ ತಿಂಗಳ ನಾಲ್ಕನೇ ತಾರೀಖು ಮಧ್ಯಾಹ್ನ ಇರುವಂತಿ ತಟ್ಟಲು ಹೋಗಲಿಲ್ಲ. ಪರದೆಯ ಮೇಲೆ ಹಸಿರಿತ್ತು. ಒಂದು ಗಂಟೆ ಹತ್ತು ನಿಮಿಷಕ್ಕೆ ಬಂದ ಡಬ್ಬಿಯೊಂದು ನಲವತ್ತೇಳರಲ್ಲಿ ಎರಡೂ ದಾರಿ ಬಿಟ್ಟು ಹಾರಿ ಸುರಂಗದ ಗೋಡೆಗೆ ಬಡಿಯಿತು. ಒಂಬತ್ತು ಜನ. ಅವರಲ್ಲಿ ಒಬ್ಬಳು ಬಾಣಂತಿ, ತೊಟ್ಟಿಲು ಶಾಸ್ತ್ರ ಮುಗಿಸಿ ತವರಿನಿಂದ ಹೊರಟವಳು. ಮಗು ಉಳಿದಿದೆ. ಯಂತ್ರ ನೂರ ಅರವತ್ತು ವರ್ಷ ತಪ್ಪು ಹೇಳಿಲ್ಲ, ಆದ್ದರಿಂದ ತಪ್ಪು ಹುಡುಗಿಯದೇ ಎಂದಿತು ವಿಚಾರಣೆಯ ಮಂಡಳಿ. ನನ್ನ ಮಗಳು ಎದ್ದು ನಿಂತು ಒಂದೇ ಮಾತು ಹೇಳಿದಳು: “ನಾನ ತಟ್ಟಲಿಲ್ರಿ. ತಪ್ಪು ನಂದ.”

ನಾನು ಹಳೆಯ ರಿಲೇ ಕೋಣೆಯ ಬಾಗಿಲು ಒಡೆಸಿದೆ. ತಂತಿ ಸಿಕ್ಕಿತು. ಅದಕ್ಕೊಂದು ಚೀಟಿ, ‘ತಾತ್ಕಾಲಿಕ’ ಎಂದು, ಕೆಳಗೆ ತಾರೀಖು. ಹೆಸರಿಲ್ಲ. ಮಂಡಳಿಯವರು ಪುಸ್ತಕ ಕೇಳಿದರು. ತಂತಿ ಬಿಚ್ಚಿದರೂ ಕಟ್ಟಿದರೂ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕೆಂಬುದು ನಿಮ್ಮ ಕಾಲದ ಕಾನೂನು, ನಮ್ಮದೂ ಅದೇ. ಪುಸ್ತಕದಲ್ಲಿ ಇಲ್ಲದ್ದು ಹಳಿಯ ಮೇಲೂ ಇಲ್ಲ. ಆ ಮೇ ತಿಂಗಳ ಪುಟ ಖಾಲಿ. “ಹಂಗಾದ್ರ ಈ ತಂತಿ ಗುಜರಿ, ಅಕ್ಕಾರೆ” ಎಂದು ಅಧ್ಯಕ್ಷರು ಅದನ್ನು ಬದಿಗೆ ಸರಿಸಿದರು.

ತಂತಿ ಕಿತ್ತುಹಾಕು ಎಂದು ನಿನ್ನನ್ನು ಕೇಳಬಹುದು. ಕೇಳಿದೆ ಎಂದೇ ತಿಳಿ. ಆದರೆ ನೀನು ಕೀಳುವವನಾಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಒಂದು ಸಾಲಾದರೂ ಬರೆ. ಯಾರು ಕಟ್ಟಿದ್ದು, ಯಾಕೆ ಕಟ್ಟಿದ್ದು. ಹೆಸರು ಹಾಕಲು ಮರ್ಯಾದೆ ಅಡ್ಡ ಬಂತೇನೋ ಹೇಡಿ? ಬೈಗುಳ ತಿನ್ನಬೇಕಾದೀತೆಂದು ಒಂದು ಸಾಲು ಬರೆಯದೆ, ಹುಟ್ಟದ ಮಕ್ಕಳ ತಲೆಗೆ ಕಟ್ಟಿಹೋದೆಯಲ್ಲ!

ಇಷ್ಟು ಬರೆದು ಪೆನ್ನು ಇಟ್ಟೆ. ಮತ್ತೆ ತೆಗೆದುಕೊಂಡಿದ್ದೇನೆ, ಏಕೆಂದರೆ ಮಂಡಳಿಗೆ ಹೇಳದ ಒಂದು ಮಾತು ನನ್ನ ಹೊಟ್ಟೆಯಲ್ಲೂ ಇದೆ. ನಾಲ್ಕನೇ ತಾರೀಖು ರಾಜಧಾನಿಯಿಂದ ನಮ್ಮ ಕಟ್ಟೆ ನೋಡಲು ದೊಡ್ಡವರು ಬಂದಿದ್ದರು. ಕೋಲು ತೆಗೆದುಕೊಂಡು ಹೊರಟವಳನ್ನು ಬಾಗಿಲಲ್ಲೇ ತಡೆದೆ. “ಏನವ್ವಾ, ಕಲ್ತಾಕಿ ನೀನು, ಇಷ್ಟು ಮಂದಿ ಎದುರಿಗೆ ಹಳಿ ಬಡಕೋತ ನಿಂದರ್ತೀಯೇನು? ಒಂದಿನ ಬಿಟ್ರ ಏನ್ ಮುಳುಗ್ತದ?” ಎಂದೆ. ಅವಳು ಕೋಲು ಮೂಲೆಗಿಟ್ಟಳು. ಮಂಡಳಿಯ ಮುಂದೆ ನಿಂತು ‘ತಪ್ಪು ನಂದ’ ಎಂದಾಗ ಅವಳು ನನ್ನ ಕಡೆ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹಿರಿಯಳೆಂಬ ಪಟ್ಟ, ಮೂವತ್ತು ವರ್ಷದ ಹೆಸರು ಹೋದೀತೆಂಬ ಭಯ. ನಿನ್ನನ್ನು ಹೇಡಿ ಎಂದೆನಲ್ಲ, ಆ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಅದು ನನಗೂ ಸೇರಲಿ.

ಈಗಷ್ಟೇ ಕಟ್ಟೆಯ ರಿಜಿಸ್ಟರ್ ತರಿಸಿ ಬರೆದೆ: ‘ಫೆಬ್ರವರಿ ನಾಲ್ಕು, ಪಾಯಿಂಟ್ ನಲವತ್ತೇಳು. ತಟ್ಟುವುದು ಬೇಡವೆಂದು ಇರುವಂತಿಗೆ ಹೇಳಿದವಳು ನಾನು. ಅದನ್ನು ಇಪ್ಪತ್ತಾರು ದಿನ ಮುಚ್ಚಿಟ್ಟವಳೂ ನಾನು. ದ್ಯಾಮವ್ವ.’ ನಾಳೆ ಹತ್ತಕ್ಕೆ ಇದನ್ನು ಮಂಡಳಿಯ ಮುಂದೆ ಇಡುತ್ತೇನೆ. ಮಗಳು ಹೊರಗೆ ಬರುತ್ತಾಳೆ, ನಾನು ಒಳಗೆ ಹೋಗುತ್ತೇನೆ.

ನನ್ನ ಸಾಲು ಬರೆದದ್ದಾಯಿತು. ಇನ್ನು ನಿನ್ನದು ಬರೆ.