ಎಕೋ ತಗದ ಮ್ಯಾಲ

ಜೂನ್ ೩, ಸೋಮವಾರ. ಬೆಳಿಗ್ಗೆ ೮

ಹಾಲು ಕಾಸಿದ್ದಾತು. ಗುಳಿಗಿ ಕೊಟ್ಟೆ. ಇವ್ರು ಪಾಟಿ ಮ್ಯಾಲ ಬರದು ತೋರ್ಸಿದ್ರು — ‘ಚಹಾ ಸಪ್ಪಗ ಐತಿ.’ ಸಕ್ರಿ ಹಾಕಿದೆ.

ಇವ್ರ ಆಪರೇಶನ್ ಆಗಿ ನಾಲ್ಕ ದಿನ. ಗಂಟಲದಾಗ ಗಂಟು ಇತ್ತು, ತಗದಾರ. ರಿಪೋರ್ಟ್ ಛಲೋ ಬಂತು, ಹೆದರೂದು ಏನಿಲ್ಲ. ಆದ್ರ ಮೂರು ವಾರ ಮಾತು ಬಂದ್. ಪಿಸುಮಾತೂ ಆಡಬಾರದು ಅಂದಾರ ಹುಬ್ಬಳ್ಳಿ ಡಾಕ್ಟರ್.

ಗದಗ-ಬೆಟಗೇರಿಯಾಗ ಪ್ರಚಾರದ ಆಟೋ ಹೊಂಟ್ರ ಅದರಾಗಿಂದ ಬರೂದು ಇವ್ರ ಧ್ವನಿ. ಸೀರಿ ಸೇಲ್, ಶಾಲಿ ಅಡ್ಮಿಶನ್, ಸರ್ಕಸ್ಸು… ಹನ್ನೊಂದು ವರ್ಷ. ಉಳವಪ್ಪನ ಮಾರಿ ಮಂದಿಗೆ ಗೊತ್ತಿಲ್ಲ, ಧ್ವನಿ ಗೊತ್ತು. ಹೇಳೂ ಮಾತು ಬರದು ಕೊಡಾಕಿ ನಾನು. ಅದು ಯಾರಿಗೂ ಗೊತ್ತಿಲ್ಲ.

ಮುಳಗುಂದ ನಾಕಾದ ಬೀಜದ ಅಂಗಡಿ ಮಹಾದೇವ ಅವರ ಫೋನ್ ಬಂತು. ಬಿತ್ತಗಿ ಸುರು ಆಗೇತಿ, ಬುಧವಾರದೊಳಗ ರೆಕಾರ್ಡಿಂಗ್ ಬೇಕು ಅಂದ್ರು. ಇವ್ರು ಪಾಟಿ ಮ್ಯಾಲ — ‘ಆಗೂದಿಲ್ಲ ಅನ್ನು.’ ನಾನು, ಕೇಳಿ ಹೇಳ್ತೇನ್ರಿ ಅಂದು ಇಟ್ಟೆ. ಯಾರನ್ನ ಕೇಳಾಕಿ ಅಂತ ನನಗೂ ಗೊತ್ತಿದ್ದಿಲ್ಲ.

ಜೂನ್ ೪. ಮಧ್ಯಾಹ್ನ

ಬೀಜದ ರೆಕಾರ್ಡಿಂಗ್ ನಾನ ಹೇಳ್ತೇನಿ ಅಂದೆ. ಉಣ್ಣೂದು ಬಿಟ್ಟು ನೋಡಿದ್ರು. ಎಡಗೈಲೆ ಪಾಟಿ ಎಳಕೊಂಡು ಬರದ್ರು — ‘ಬೀಜಕ್ಕ ಹೆಂಗಸರ ಧ್ವನಿ ನಡಿಯೂದಿಲ್ಲ.’ ಹೊಲದಾಗ ಬೀಜ ಹಾಕಾವ್ರು ಯಾರು ಅಂತ ಕೇಳಬೇಕಿತ್ತು. ತಾಟು ತೊಳದೆ.

ಮೂರು ಗಂಟೆಕ್ಕ ತಾವ ಎದ್ದು ಹಿಂದಿನ ಖೋಲಿಗೆ ಹೋದ್ರು. ಮೈಕ್ ಹಚ್ಚಿ ಕರದ್ರು, ಕೈ ಸನ್ನಿ ಮಾಡಿ. ಖೋಲಿ ತುಂಬ ನಮ್ಮ ಅತ್ತಿ ಹೊಲಿದಿಟ್ಟ ಕೌದಿ ತೂಗ ಹಾಕೇವಿ, ಹೊರಗಿನ ಸಪ್ಪಳ ಬರಬಾರದಂತ. ಮಷಿನ್ ಎಂಟು ಟ್ರ್ಯಾಕಿಂದು. ಯಾವುದೋ ಆರ್ಕೆಸ್ಟ್ರಾ ಮುಚ್ಚಿದಾಗ ತಗೊಂಡದ್ದು. ಮಾತು ಒಂದು ಟ್ರ್ಯಾಕಿನ್ಯಾಗ, ಮ್ಯೂಸಿಕ್ ಇನ್ನೊಂದರಾಗ, ಬ್ಯಾರೆ ಬ್ಯಾರೆ ತುಂಬಿ ಆಮ್ಯಾಲ ಕೂಡ್ಸೂದು.

ಕೆಂಪು ಲೈಟ್ ಹತ್ತಿತು. ನಾನ ಬರದ ಮಾತು ನನಗ ಹೊರಡವಲ್ವು. ಒಂಬತ್ತನೇ ಸಲಕ್ಕ ಬೆರಳು ಎತ್ತಿ ಸಾಕು ಅಂದ್ರು. ಛಲೋ ಆತಂತನೋ, ಬ್ಯಾಸರಾಗಿನೋ — ತಿಳೀಲಿಲ್ಲ.

ಜೂನ್ ೫, ಬುಧವಾರ

ಮಿಕ್ಸಿಂಗ್ ಇವ್ರ ಮಾಡಿದ್ರು. ತಮ್ಮ ಧ್ವನಿಗೆ ಹಾಕೂವಷ್ಟ ಎಕೋ ನನಗೂ ಹಾಕ್ಯಾರ. ಬಾವ್ಯಾಗ ಬಿದ್ದು ಒದರಿದಂಗ ಕೇಳಿಸ್ತು. ಆಟೋದ ಶಾನವಾಜ ಬಂದು ಪೆನ್‌ಡ್ರೈವ್ ಒಯ್ದ.

ಸಂಜಿಗೆ ಕಾಯಿಪಲ್ಲೆ ತರಾಕ ಟೆಂಗಿನಕಾಯಿ ಬಜಾರಕ್ಕ ಹೋಗಿದ್ದೆ. ಆಟೋ ಬಂತು. ನಿಂತು ಕೇಳಿದೆ. ಬೀಜ… ಜ… ಜ… ಅಂಗಡಿ… ಡಿ… ಡಿ… ಎದರ ಗ್ವಾಡಿಗೆ ಬಡದು ಮತ್ತ ತಿರಗಿ ಬರ್ತೈತಿ. ಯಾವ ಬೀಜ, ಎಲ್ಲೆ ಅಂಗಡಿ, ಒಂದೂ ತಿಳೀದು. ಬದ್ನಿಕಾಯಿ ತೂಗಾಕ ಹತ್ತಿದ್ದ ಹನಮಂತವ್ವ ಕೇಳಿದ್ಲು, ಯಾರ ಸಂಗಾಟ ಜಗಳಾಡಾಕ ಹತ್ಯಾಳವಾ ಅಕಿ ಅಂತ.

ಬರೂಮುಂದ ದಾರ್‍ಯಾಗ ಬ್ಯಾರೆ ವಿಚಾರ ತಲಿ ಹೊಕ್ತು. ಇವ್ರ ಮಾತಾದ್ರೂ ತಿಳೀತಿತ್ತಾ? ‘ಉಳವಪ್ಪನ ಧ್ವನಿ ಬಂತು’ ಅಂತಿದ್ರು ಮಂದಿ. ಏನ್ ಹೇಳಿದಾ ಅಂತ ಯಾರೂ ಅಂದದ್ದು ನೆನಪಿಲ್ಲ.

ಇದನ್ನ ಇವ್ರಿಗೆ ಹೇಳಂಗಿಲ್ಲ.

ಜೂನ್ ೭

ಮಷಿನಿನ ಪುಸ್ತಕ ಕಪಾಟಿನ ತಳಕ್ಕ ಸಿಕ್ತು. ಇಂಗ್ಲೀಷು. ಮೊಬೈಲ್ ಬಾಜೂಕ ಇಟಗೊಂಡು ಒಂದೊಂದು ಶಬ್ದ ನೋಡಿ ಓದಿದೆ. ಇವ್ರು ಮಲಗಿದ್ರು.

ಒಂದೊಂದು ಟ್ರ್ಯಾಕಿಗೂ ಎಫೆಕ್ಟಿನ ಗುಂಡಿ ಬ್ಯಾರೆ ಐತಿ! ಇವ್ರು ಅದನ್ನ ಮುಟ್ಟಿದ್ದ ನೋಡಿಲ್ಲ. ಎಲ್ಲಾ ಕೂಡ್ಸಿದ ಮ್ಯಾಲ ಒಮ್ಮೆಲೆ ಎಕೋ ಸುರದು ಬಿಡ್ತಿದ್ರು, ಅನ್ನಕ್ಕ ಸಾರು ಸುರದಂಗ.

ಒಂದನೇ ಟ್ರ್ಯಾಕ್, ನನ್ನ ಮಾತು — ಎಕೋ ಪೂರಾ ಬಂದ್. ದಪ್ಪ ದನಿ ಕಮ್ಮಿ ಮಾಡಿದೆ. ಕಂಪ್ರೆಸರ್ ಅಂತ ಐತಿ: ಜೋರಾದದ್ದನ್ನ ಒತ್ತತೈತಿ, ಸಣ್ಣದನ್ನ ಎತ್ತತೈತಿ. ಅದನ್ನ ಹಚ್ಚಿದೆ. ಎರಡನೇದರಾಗ ‘ಬರ್ರಿ’ ಅನ್ನೂ ಶಬ್ದ ಒಂದ. ಅದಕ್ಕಷ್ಟ ಎಕೋ. ಮೂರನೇದು ಮ್ಯೂಸಿಕ್, ಅದರ ಚೂಪು ದನಿ ಕಮ್ಮಿ ಮಾಡಿದೆ, ಮಾತಿನ ಮ್ಯಾಲ ಏರಿ ಬರಬಾರದಂತ.

ತಿರಗಿ ನೋಡಿದ್ರ ಇವ್ರು ಬಾಗಲದಾಗ. ಮೂರು ಟ್ರ್ಯಾಕಿನ ಲೈಟು ಮೂರು ಥರ ಹತ್ತಿದ್ದು ನೋಡಿದ್ರು. ಕೇಳ್ಸಿದೆ. ಪೂರಾ ಕೇಳಿ ಪಾಟಿ ತಂದು ಬರದ್ರು — ‘ಮಂದಿ ಹನ್ನೊಂದು ವರ್ಷ ಕೇಳಿದ್ದು ನನ್ನ ಎಕೋ. ಹಳೇದ ನಡೀಲಿ.’

ಹೂಂ ಅಂದೆ.

ಶಾನವಾಜ ಮತ್ತ ಪೆನ್‌ಡ್ರೈವ್ ಒಯ್ಯಾಕ ಬಂದಾಗ ಕೊಟ್ಟದ್ದು ಹೊಸಾದು. ಇವ್ರು ಕಟ್ಟಿ ಮ್ಯಾಲ ಕುಂತಿದ್ರು, ಬೆನ್ನು ಮಾಡಿ. ಕೊಟ್ಟೆ.

ಜೂನ್ ೧೦, ಸೋಮವಾರ

ಮಹಾದೇವ ಅವರ ಫೋನು. ರೊಟ್ಟಿ ಬಡಿಯಾಕ ಹತ್ತಿದ್ದೆ, ಕೈ ಹಿಟ್ಟಾಗಿತ್ತು, ಸ್ಪೀಕರಿಗೆ ಹಾಕಿದೆ. ಅಂತೂರ ಬೆಂತೂರದಿಂದ ಮಂದಿ ಬಂದು ಹೆಸರಕಾಳಿನ ಬೀಜದ ತಳಿ ಹೆಸರು ಹಿಡದು ಕೇಳಾಕ ಹತ್ಯಾರಂತ. ಮಲ್ಲಸಮುದ್ರದಿಂದ ಹೆಣ್ಮಕ್ಕಳ ಒಂದು ಗುಂಪ ಬಂದಿತ್ತಂತ. ಇನ್ನೆರಡು ರೆಕಾರ್ಡಿಂಗ್ ಬೇಕಂತ. ಆಮ್ಯಾಲ ಅಂದ್ರು, “ಅಕ್ಕಾರ, ಇನ್ನ ಮುಂದ ನೀವ ಹೇಳ್ರಿ. ಉಳವಪ್ಪ ಅವರಿಗೆ ಆರಾಮ ಆದ್ರೂ ನೀವ ಹೇಳ್ರಿ.”

ಇವ್ರು ಎರಡು ಮಾರು ದೂರದಾಗ ಕುಂತು ಉಣ್ಣಾಕ ಹತ್ತಿದ್ರು. ಬಂದ್ ಮಾಡಾಕ ಓಡಿದೆ. ತಡ ಆಗಿತ್ತು.

ರೊಟ್ಟಿ ಒಂದ ಸಾಕಂತ ಕೈ ಮಾಡಿದ್ರು. ಸಂಜಿತನ ಪಾಟಿ ಮುಟ್ಟಲಿಲ್ಲ. ಬರೀಲಾರದ ಸುಮ್ಮನಿರೂದು ಬ್ಯಾರೇನ. ಇಷ್ಟ ದಿನ ಮನಿ ಸುಮ್ಮನಿತ್ತು, ಇವತ್ತ ಇವ್ರು ಸುಮ್ಮನಿದ್ರು.

ಜೂನ್ ೨೨, ಶನಿವಾರ

ಹುಬ್ಬಳ್ಳಿಗೆ ಹೋಗಿ ಬಂದ್ವಿ. ಮೂರು ವಾರ ಮುಗದ್ವು. ಡಾಕ್ಟರ್ ತಮ್ಮ ಹೆಸರು ಹೇಳ್ರಿ ಅಂದ್ರು. ಬಾಯಿ ತಗದ್ರು. ‘ಉಳವ’ ತನಕ ಗಾಳಿ ಬಂತು, ‘ಪ್ಪ’ ಅಷ್ಟ ಕೇಳಿಸ್ತು. ಇನ್ನೊಮ್ಮೆ. ಪರಸಿ ಕಲ್ಲಿನ ಮ್ಯಾಲ ಉಸುಕು ತಿಕ್ಕಿದಂಥ ದನಿ.

ಸ್ವಲ್ಪ ಸುಧಾರಸ್ತೈತಿ, ಮೊದಲಿನಂಗ ಆಗೂದಿಲ್ಲ ಅಂದ್ರು ಡಾಕ್ಟರ್. ಬಸ್ಸಿನ್ಯಾಗ ಮಾತಾಡಬೌದಿತ್ತು, ಪರವಾನಗಿ ಸಿಕ್ಕಿತ್ತು. ಇವ್ರು ಕಂಡಕ್ಟರಿಗೆ ‘ಗದಗ ಎರಡು’ ಅಂತ ಪಾಟಿ ಮ್ಯಾಲ ಬರದು ತೋರ್ಸಿದ್ರು.

ಜುಲೈ ೨

ಎಂಟು ದಿನ ಆತು, ಮುಂಜಾನಿಂದ ಖೋಲಿ ಬಾಗಲಾ ಹಾಕ್ಕೊಂತಾರ. ನನ್ನ ಕೆಲಸಕ್ಕ ಮಷಿನ್ ಸಿಗೂದು ಇವ್ರು ಜಳಕಕ್ಕ ಹೋದಾಗ.

ಇವತ್ತ ಬಾಗಲಾ ತಗದು ಶಾನವಾಜನ್ನ ಕರದ್ರು, ಕೇಳ್ಸಿದ್ರು. ಚಹಾ ಒಯ್ದಿದ್ದೆ, ನಾನೂ ಕೇಳಿದೆ. ತಮ್ಮ ದನಿ ದಪ್ಪ ಮಾಡ್ಯಾರ. ಅದನ್ನ ಇನ್ನೊಂದು ಟ್ರ್ಯಾಕಿಗೆ ಹಾಕಿ ಜೋಡಿ ಮಾಡ್ಯಾರ. ಮ್ಯಾಲೆ ಎಕೋ. ನಾಲ್ಕು ಟ್ರ್ಯಾಕಿಗೆ ನಾಲ್ಕು ಥರದ್ದು. ಟ್ರ್ಯಾಕಿಗೊಂದು ಹಚ್ಚೂದು ನನ್ನ ನೋಡೇ ಕಲ್ತಾರ.

ಶಾನವಾಜ ತಲಿ ಅಲ್ಲಾಡಿಸ್ಕೊಂತ ಕೇಳಿ, ಪಾಪ ಏನೂ ಗೊತ್ತಿಲ್ಲದ, “ಛಲೋ ಐತಿ ಅಣ್ಣಾ. ಯಾರಿವ್ರು, ಹೊಸಬರೇನು?” ಅಂದ.

ಹೂಂ, ಹೊಸಬಾ — ಅಂದ್ರು ಇವ್ರು.

ಅಂವ ಹೋದ ಮ್ಯಾಲ ಒಂದೊಂದ ಗುಂಡಿ ಒತ್ತಿ ಬಂದ್ ಮಾಡಿದ್ರು. ಎಕೋ ಹೋತು. ಜೋಡಿ ದನಿ ಹೋತು. ದಪ್ಪ ಹೋತು. ಕಡೀಕ ಉಳದದ್ದು ಬರೇ ಇವ್ರ ಧ್ವನಿ, ಸೀರಿ ಸೇಲಿನ ಮಾತು ಹೇಳಾಕ ಹತ್ತಿದ್ದು.

“ಖರೆ ಹೇಳು ಕಾಂಚನಾ. ಇದನ್ನ ಕೇಳಿ ಯಾರರ ಸೀರಿ ತಗೋಳಾಕ ಬರ್ತಾರೇನು?”

“ಇಲ್ರಿ,” ಅಂದೆ.

ತಲಿ ಅಲ್ಲಾಡಿಸಿದ್ರು. ಸುಳ್ಳು ಹೇಳಿದ್ರ ಛಲೋ ಇತ್ತೇನೋ. ಗೊತ್ತಿಲ್ಲ. ಅದ ಹೊತ್ತಿನ್ಯಾಗ ಆವತ್ತಿನ ಪೆನ್‌ಡ್ರೈವಿಂದೂ ಹೇಳಿಬಿಟ್ಟೆ, ನಾನ ಬದಲಿ ಕೊಟ್ಟಿದ್ದು. ಅದು ಇವ್ರಿಗೆ ಆವತ್ತ ಗೊತ್ತಾಗಿತ್ತಂತ. ಆಟೋ ಓಣಿ ದಾಟೂದ್ರಾಗ ಕೇಳಿದ್ರಂತ. ನಿಲ್ಲಸಬೇಕಂತ ಎದ್ದು ನಿಂತಿದ್ರಂತ. ಮಾತು ಎಲ್ಲಾ ಬರೋಬರಿ ತಿಳೀತಿತ್ತು, ಅದಕ್ಕ ಕುಂತ್ನಿ ಅಂದ್ರು.

ಚಹಾ ಆರಿತ್ತು. ಕಾಸಿ ತಂದೆ.

ಜುಲೈ ೯, ಮಂಗಳವಾರ

ಮುಂಜಾನಿ ಏಳಕ್ಕ ವಿಶ್ರುತ ಅನ್ನಾವ್ರು ಬಂದ್ರು, ಶಾನವಾಜನ್ನ ಕರಕೊಂಡು. ಯಮುನಾಬಾಯಿ ಟೀಚರ್ ಮಗ. ಟೀಚರ್ ತೀರಕೊಂಡಾರ, ನಸಿಕಿನ್ಯಾಗ. ಬೆಟಗೇರಿಯಾಗ ಅವರ ಕೈಯಾಗ ಅ ಆ ಇ ಈ ಕಲ್ತಾವ್ರು ಎಷ್ಟ ಮಂದಿನೋ. ಹನ್ನೊಂದಕ್ಕ ಒಯ್ಯೂದೈತಿ, ಅಷ್ಟರಾಗ ಎಲ್ಲರಿಗೂ ಖಬರ ಮುಟ್ಟಬೇಕು ಅಂದ್ರು. ನಾಲ್ಕು ಸಾಲು ಬರದೆ.

ಮೈಕಿನ ಮುಂದ ಕುಂತೆ. ಹೇಳಿದೆ. ಕೇಳಿ ನೋಡಿದ್ರ ಸೇಲ್ ಹೇಳಿದಂಗ ಆಗೇತಿ. ಸಾಲಿನ ಕಡೀಕ ದನಿ ಏರ್ತೈತಿ, ಒಂದು ತಿಂಗಳದಾಗ ಬಿದ್ದ ರೂಢಿ. ಎಫೆಕ್ಟ್ ಎಲ್ಲಾ ತಗದೆ. ಮತ್ತ ಹೇಳಿದೆ. ಹಂಗ ಏರ್ತು. ನಾಚಿಕಿ ಆತು. ಹೊರಗ ಅವರು ನಿಂತಾರ, ತಾಸು ಹೊಂಟೇತಿ.

ಇವ್ರು ಬಂದು ನನ್ನ ಕೈಯಾಗಿನ ಹಾಳಿ ತಗೊಂಡ್ರು. ಬಾಜೂಕ ಸರಿ ಅಂದ್ರು.

ಒಂದ ಸಲ. ಒಂದ ಟ್ರ್ಯಾಕ್. ಒಂದ ಲೈಟೂ ಹಚ್ಚಲಿಲ್ಲ. ಸಾವಕಾಶ ಓದಿದ್ರು. ‘ಯಮುನಾಬಾಯಿ ಟೀಚರ್’ ಅನ್ನೂಮುಂದ ದನಿ ಒಡೀತು. ದುಃಖಕ್ಕಲ್ಲ, ಈಗ ಇವ್ರ ದನಿ ಇರೂದ ಹಂಗ. ಮತ್ತ ಓದತಾರೇನೋ ಅಂತ ನೋಡಿದೆ. ಓದಲಿಲ್ಲ. ಪೆನ್‌ಡ್ರೈವ್ ಕಿತ್ತು ಕೊಟ್ರು.

ಆಟೋ ಹೊಂಟ ಮ್ಯಾಲ ಕಟ್ಟಿ ಮ್ಯಾಲ ನಿಂತು ಕೇಳಿದೆ. ಒಂದೊಂದು ಶಬ್ದಾನೂ ತಿಳೀತು. ಎದರಿನ ಮನಿಯವ್ರು ಅಂಗಳಾ ಕಸಾ ಹೊಡಿಯೂದು ನಿಲ್ಲಿಸಿದ್ರು. ಸೈಕಲ್ ಮ್ಯಾಲ ಹೊಂಟಾಂವ ಇಳದ. ಯಾರೂ ಉಳವಪ್ಪನ ಧ್ವನಿ ಅನ್ಲಿಲ್ಲ. ಟೀಚರ್ ಹೋದ್ರಂತ, ಅಂದ್ರು.

ಇವ್ರು ಒಳಗ ಚಪ್ಪಲ್ ಹುಡುಕಾಕ ಹತ್ತಿದ್ರು. ಇಬ್ಬರೂ ಮಣ್ಣಿಗೆ ಹೋಗಿ ಬಂದ್ವಿ. ಇವ್ರಿಗೂ ಅಕ್ಷರ ಕಲ್ಸಿದಾವ್ರು ಅವ್ರ ಅಂತ ದಾರ್‍ಯಾಗ ಹೇಳಿದ್ರು.

ಜುಲೈ ೧೪, ರವಿವಾರ. ಬೆಳಿಗ್ಗೆ ೧೦

ಲಕ್ಷ್ಮೇಶ್ವರದ ಸೀರಿ ಅಂಗಡೀದು ಐತಿ, ಶಿರಹಟ್ಟಿ ಟ್ಯೂಶನ್‌ದು ಐತಿ. ಬರದು ಮುಗಿಸೇನಿ. ಮಷಿನಿನ ಮುಂದ ಇವ್ರು ಕುಂತಾರ. ಈಗ ನಾ ಮೈಕಿನ ಮುಂದ ಕುಂತ ಮ್ಯಾಲ ಗುಂಡಿ ಮ್ಯಾಲ ಕೈ ಇಟ್ಟು ಕೇಳಿದ್ರು, “ನಿನ್ನ ಟ್ರ್ಯಾಕಿಗೆ ಏನ್ ಹಚ್ಚಲಿ?”

ಯಾರನ್ನೂ ಕೇಳಿದಾವ್ರಲ್ಲ ಇವ್ರು. ನೀರು ಕುಡದು ಬರ್ತೇನಿ ಅಂತ ಎದ್ದು ಬಂದು ಇದನ್ನ ಬರಿಯಾಕ ಹತ್ತೇನಿ. ಕರ್‍ಯಾಕ ಹತ್ಯಾರ. ಎಕೋ ಸ್ವಲ್ಪ ಇರ್ಲಿ ಅಂತೇನಿ, ಕಡೀ ಶಬ್ದಕ್ಕ ಒಂದಕ್ಕ, ಇವ್ರು ಹೆಂಗ ಹಾಕ್ತಾರೋ ಹಂಗ… ಬಂದೆ ಬಂದೆ —