ಕುದರಿ ಬೆವರು ತಿಂದ ಪಟ್ಟಿ

ಸುರಪುರ
ನಾಗರಪಂಚಮಿ ಮರುದಿನ, ಫಸಲಿ ೧೩೫೫

ಚಿರಂಜೀವಿ ಸೌಭಾಗ್ಯವತಿ ಮಲ್ಲಿಕಮ್ಮಗ ನಿಮ್ಮಪ್ಪ ಹಂಪಣ್ಣ ಬರಿಯೂದು. ಇಲ್ಲಿ ನಾನು, ನಿಮ್ಮವ್ವ ಆರಾಮ ಅದೀವಿ. ಶಹಾಪುರದಾಗ ನೀವಿಬ್ಬರೂ ಆರಾಮ ಅದೀರಿ ಅಂತ ಬರದ್ರ ಸುಳ್ಳಾಗ್ತದ, ಅದಕ್ಕ ಬರಿಯಂಗಿಲ್ಲ.

ಪಂಚಮಿಗೆ ಕರಿಯಾಕ ಬರ್ಲಿಲ್ಲ ಅಂತ ಸಿಟ್ಟಾಗಿದ್ದೀ. ಆಗಬೇಕಾದ್ದೇ. ನಿನ್ನ ಲಗ್ನ ಆದಾಗಿಂದ ಪ್ರತಿ ವರ್ಷ ನಾನೇ ಬಂದು ಕರಕೊಂಡು ಬಂದೀನಿ, ಬೇವಿನ ಗಿಡಕ್ಕ ಜೋಕಾಲಿ ಹಗ್ಗ ನಾನೇ ಕಟ್ಟೀನಿ. ಈ ಸಲ ಗಿಡ ಖಾಲಿ ನಿಂತಿತ್ತು. ನಿಮ್ಮವ್ವ ಉಂಡಿ ಕಟ್ಟಿ ಡಬ್ಬಿ ತುಂಬಿ ಬಾಗಲದಾಗ ಕುಂತಾಕಿ, "ಮಗಳನ್ನ ಪಂಚಮಿಗೆ ಕರೀದ ಅಪ್ಪ ಈ ಊರಾಗ ನೀವೊಬ್ಬರೇ ನೋಡ್ರಿ" ಅಂದ್ಳು. ಕಾಲು ನೋಯಾಕತ್ತಾವ ಅಂದೆ. "ನಿನ್ನೆ ಕೆರಿ ಏರಿ ಮಟ ಹೋಗಿ ಬಂದ ಕಾಲು ಇವತ್ತ ಹ್ಯಾಂಗ ನೊಂದಾವ?" ಅಂದ್ಳು. ಕಾಲಲ್ಲವ್ವಾ. ನಿನಗ ಮಾರಿ ತೋರಸಾಕ ಆಗ್ಲಿಲ್ಲ.

ನನಗ ಪತ್ರ ಬರಿಯೂ ರೂಢಿ ಇಲ್ಲ, ಮಾತಾಡಿದಂಗ ಬರೀತೀನಿ. ನನ್ನ ಬಾಯಿ ನಿನಗ ಗೊತ್ತದ. ಕುದರಿ ಬೆನ್ನಿನ ಜೀನು ಹೊಲಿಸಾಕ ಬಂದವರು ನನ್ನ ಮಾತು ಕೇಳ್ಕೋತ ಕುದರೀನ ಬಿಸಲಾಗ ಮರತು ಕುಂದ್ರತಾರ. ಉದ್ದ ಆತು ಅಂತ ಬ್ಯಾಸರ ಮಾಡ್ಕೋಬ್ಯಾಡ.

ಮೊದಲ ಒಂದು ಮಾತು. ನಿನಗ ಓದಾಕ ಬರಂಗಿಲ್ಲ. ಇದನ್ನ ಸಾಲಿ ಮಾಸ್ತರ ಕಡೆ ಒಯ್ಯಬ್ಯಾಡ. ನಿನ್ನ ಗಂಡ ದ್ಯಾವಪ್ಪನೇ ಓದಬೇಕು, ನೀ ಎದರಿಗೆ ಕುಂತು ಕೇಳಬೇಕು. ಅವನ ಕೂಡ ಮಾತು ಬಿಟ್ಟೀ ಅಂತ ಗೊತ್ತದ. ಮಾತಾಡಂಗಿಲ್ಲ ಅಂತ ಆಣಿ ಮಾಡೀಯಲ್ಲ, ಕೇಳಂಗಿಲ್ಲ ಅಂತೇನೂ ಮಾಡಿಲ್ಲ. ಕಾಗದದ ಕಡೀಗೆ ಒಂದು ಸಣ್ಣ ಕುದರಿ ಚಿತ್ರ ಬರದೀನಿ. ಅದರ ಮ್ಯಾಲೆ ಬೆರಳಿಟ್ಟು ಕುಂಡ್ರು. ಅವನು ಓದ್ಕೋತ ಆ ಕುದರಿ ಮಟ ಬರಬೇಕು. ಅಲ್ಲಿ ಮಟ ಪತ್ರ ಮುಗಿದಿಲ್ಲ.

ನಿಮ್ಮ ಮನಿ ಸುದ್ದಿ ನನಗ ಹ್ಯಾಂಗ ಗೊತ್ತಾತು ಅಂದ್ರ, ಬಂಡಿ ಹೊಡಿಯೂ ನಬಿಸಾಬ ಹೇಳ್ದ. ಹೋದ ತಿಂಗಳು ಶಹಾಪುರಕ್ಕ ಜೋಳ ಹಾಕಾಕ ಬಂದಾಗ ನಿಮ್ಮನ್ಯಾಗ ನೀರು ಕುಡದು ಬಂದನಂತಲ್ಲ. ಬಂದು ನನ್ನ ಅಂಗಡಿ ಕಟ್ಟೀ ಮ್ಯಾಲೆ ಕುಂತು ಹೊಟ್ಟಿ ಹಿಡ್ಕೊಂಡು ನಕ್ಕ. "ಹಂಪಣ್ಣ, ನಿನ್ನ ಮಗಳು ಗಂಡನ ಕೂಡ ಮಾತಾಡಂಗಿಲ್ಲಪಾ, ಕೋಳಿ ಕೂಡ ಮಾತಾಡ್ತಾಳ. 'ಏ ಕೋಳೀ, ರೊಟ್ಟಿ ಆರಾಕತ್ತಾವ ಅಂತ ಹೇಳು ಅವರಿಗೆ' ಅಂತಾಳ. ಅವನರ ಏನು ಕಮ್ಮಿ? ಮಾರೂ ತೊಟ್ಟಿಲಕ್ಕ ಬಣ್ಣ ಹಚ್ಚಾಕತ್ತಿದ್ದ, 'ಕೋಳೀ, ಕೈ ತೊಳ್ಕೊಂಡು ಬಂದೆ ಅಂತ ಹೇಳವ್ವಾ' ಅಂತಾನ. ಆ ಕೋಳಿ ನಿಮ್ಮ ಬೀಗರ ಮನ್ಯಾಗ ದೊಡ್ಡ ವಕೀಲ ಆಗ್ಯದ!" ಅಂದ. ನಾನೂ ನಕ್ಕೆ. ನಗತಾ ನಗತಾ ಕೈಯಾಗಿನ ದಬ್ಬಳ ಬೆರಳಿಗೆ ನಟ್ಟಿತು. ನಬಿಸಾಬ ನೋಡಿ, "ಇಷ್ಟು ವರ್ಷದಾಗ ನಿನ್ನ ಕೈಯಾಗ ರಕ್ತ ನೋಡಿದ್ದು ಇದೇ ಮೊದಲು" ಅಂದ. ಬೆರಳು ಬಾಯಾಗ ಇಟ್ಕೊಂಡೆ.

ಅವತ್ತಿಂದ ಕುಂತು, ಯುಗಾದಿಗೆ ಒಡದ ದ್ಯಾವಪ್ಪನ ತಂಬೂರಿ ರಿಪೇರಿ ಮುಗಿಸಿದೆ. ನಬಿಸಾಬನ ಬಂಡ್ಯಾಗ, ಜೋಳದ ದಂಟಿನ ನಡುವ ಇಟ್ಟು ಕಳಸೀನಿ. ಉಂಡಿ ಡಬ್ಬಿನೂ ಅದ.

ದ್ಯಾವಪ್ಪಾ, ತಂಬೂರಿ ಸುದ್ದಿ ನಿನಗ. ಕೆಳಗಿನ ಸೋರೆಕಾಯಿ ಬುರುಡಿ ಮೂರು ಕಡೆ ಸೀಳಿತ್ತು, ಕೊರಳ ಸಂದು ಬಿಟ್ಟಿತ್ತು. ನಮ್ಮ ಚರ್ಮದ ಚೂರು ಕುದಿಸಿ ಗಟ್ಟಿ ಅಂಟು ಮಾಡಿ, ಸೀಳಿನಾಗ ಬೆಚ್ಚಗಿದ್ದಾಗ ಇಳಿಸಿ, ಹಸೀ ಅರಿವಿ ಸುತ್ತಿ ನೆರಳಾಗ ಎಂಟು ದಿನ ಬಿಟ್ಟೀನಿ. ಒಳಗ ಕೈ ಹಾಕಿ ಹುಣಸಿ ಬೀಜದ ಅಂಟಿನಿಂದ ತೆಳ್ಳನ ಅರಿವಿ ಮೆತ್ತೀನಿ, ನೀ ಚಿತ್ರದ ಅರಿವಿಗೆ ಮೆತ್ತತೀಯಲ್ಲ, ಹಂಗ. ಮೊದಲ ಸಲ ಬೆರಳಿಂದ ಬಡದಾಗ ಒಡದ ಗಡಗಿ ಸಪ್ಪಳ ಬಂತು. ಬಿಚ್ಚಿ ಮತ್ತ ಮಾಡಿದೆ. ಈಗ ಬಡದ್ರ ತುಂಬಿದ ಸಪ್ಪಳ ಬರ್ತದ. ಆದ್ರ ಮೊದಲಿನ ದನಿ ಇಲ್ಲ, ಸ್ವಲ್ಪ ಗೊಗ್ಗರ ಆಗ್ಯದ. ತೀರಿಹೋದ ನಿಮ್ಮಪ್ಪನ ತಂಬೂರಿ ಅದು, ಆ ನಮ್ಮ ಭಾವ ಇದ್ದಾಗಿನ ದನಿ ನನ್ನ ಕಿವ್ಯಾಗ ಇನ್ನೂ ಅದ. ಅದನ್ನ ತರಾಕ ನನ್ನ ಕೈಲೆ ಆಗ್ಲಿಲ್ಲ.

ಹೆಗಲಿಗೆ ಹಾಕ್ಕೊಳ್ಳೂ ಪಟ್ಟಿ ಹೊಸಾದು. ಎಮ್ಮಿ ಬೆನ್ನಿನ ಚರ್ಮ, ಎರಡು ಪದರ, ಮೇಣ ಹಚ್ಚಿದ ದಾರ. ತೂತು ತುದಿಗೆ ಹೊಡದಿಲ್ಲ, ನಾಕು ಬೆರಳು ಒಳಗ ಹೊಡದೀನಿ, ಎರಡೂ ಕಡೆ ಚರ್ಮದ ದುಂಡನ ಬಿಲ್ಲಿ ಇಟ್ಟು ಹೊಲದೀನಿ, ತಂಬೂರಿ ಗುಂಡಿ ಜಗ್ಗಿದ್ರ ತೂತು ಹಿಗ್ಗಂಗಿಲ್ಲ. ಇದರ ಮ್ಯಾಲೂ ನಂಬಿಕಿ ಇಲ್ಲ ಅಂತ ಬುರುಡಿ ಕೆಳಗಿಂದ ಒಂದು ನೂಲಿನ ಹುರಿ ಬ್ಯಾರೇನೇ ಕಟ್ಟೀನಿ. ಪಟ್ಟಿ ಬಿಟ್ರೂ ಅದು ಹಿಡೀತದ. ಹಾಡಿದ ಮ್ಯಾಲೆ ಬೆವರು ಒರಸು, ಬೆವರಿನಾಗ ಉಪ್ಪು ಇರ್ತದ. ಬಿಸಲಾಗ ಇಡಬ್ಯಾಡ. ಎಣ್ಣಿ ಕಂಡಾಪಟಿ ಹಚ್ಚಬ್ಯಾಡ. ಪ್ರತಿ ಅಮಾಸಿಗೆ ತೂತಿನ ಹತ್ತರ ಮಡಚಿ ನೋಡು, ಸಣ್ಣ ಗೆರಿ ಕಂಡ್ರ ಆ ಪಟ್ಟಿ ಬಿಸಾಕು. ಯಾರು ಮಾಡಿಕೊಟ್ಟಿದ್ರೂ ಬಿಸಾಕು. ಹಂಪಣ್ಣ ಮಾಡಿಕೊಟ್ಟಿದ್ರೂ.

ಈಗ ಯುಗಾದಿ ದಿನದ ಮಾತು ಬರಿಯಬೇಕು. ಮುಂಜಾನಿಂದ ಇದಕ್ಕ ಬರಬೇಕು ಅಂತ ಬಂದು ಬಂದು ತಪ್ಪಿಸಾಕತ್ತೀನಿ.

ಮಲ್ಲೀ, ಯುಗಾದಿಗೆ ನೀವಿಬ್ಬರೂ ಬಂದಾಗ ಅವನಿಗೆ ಒಂದು ಪಟ್ಟಿ ಕೊಟ್ಟೆನಲ್ಲ, ಕರೇ ಮಿಂಚಾಕತ್ತಿತ್ತು. "ಮಾಮಾ, ಇದು ನನಗ ಭಾಳ ಆತು" ಅಂದ. ಅದು ಹೊಸ ಚರ್ಮ ಅಲ್ಲ. ಮನ್ಯಾಗ ಒಂದು ಒಳ್ಳೆ ಚರ್ಮ ಇತ್ತು, ಅದು ಪೊಲೀಸ ಠಾಣೆದ ಅಮೀನ ಸಾಹೇಬರ ಜೀನಿಗೆ ಹೋತು. ಸಾಹೇಬರ ಹಳೀ ಜೀನು ಬಿಚ್ಚಿದಾಗ ಕುದರಿ ಹೊಟ್ಟಿಗೆ ಬಿಗಿಯೂ ಪಟ್ಟಿ ಉಳದಿತ್ತು. ಅದನ್ನ ಕತ್ತರಿಸಿ, ಎಣ್ಣಿ ಹಚ್ಚಿ, ಮಸಿ ತಿಕ್ಕಿ ಕೊಟ್ಟೆ. ಹತ್ತು ವರ್ಷ ಕುದರಿ ಬೆವರು ಕುಡದ ಚರ್ಮ ಅದು. ಒಳಗ ಹಿಟ್ಟು ಆಗಿರ್ತದ. ನನಗ ಗೊತ್ತಿದ್ದಿಲ್ಲೇನು? ಮಡಚಿ ನೋಡಿದೆ, ಗೆರಿ ಕಂಡೆ. ಅಳಿಯ ತಾನೇ ಅಂದೆ. ಮನೀ ಮನಷ್ಯಾಗ ನಡೀತದ ಅಂದೆ. ಹೊರಗಿನವರಿಗೆ ಹಂಗ ಎಂದೂ ಮಾಡಿಲ್ಲ ನಾನು.

ಅವತ್ತೇ ದ್ಯಾವಪ್ಪ ಅದನ್ನ ಹಾಕ್ಕೊಂಡು ದೇವರ ಪಲ್ಲಕ್ಕಿ ಮುಂದ ಹಾಡ್ಕೋತ ನಡದಿದ್ದ. ಬಾವಿ ಕಟ್ಟೀ ಹತ್ತರ ಬಂದ್ವಿ, ಎರಡನೇ ಪದ. ಪಟ್ಟಿ ತೂತಿನಾಗ ಹರೀತು. ತಂಬೂರಿ ಹಾಸಗಲ್ಲಿನ ಮ್ಯಾಲೆ ಬಿತ್ತು. ಹಿಂದಿಂದ ಯಾರೋ "ಏ, ಸಿಂದಿ ಏರ್ಯದಲೇ!" ಅಂದ. ಜನ ನಕ್ರು. ಅವನು ಸಿಂದಿ ಬಿಟ್ಟು ಎರಡು ವರ್ಷ ಆಗಿತ್ತು, ಆದ್ರ ಜನ ಕುಡದಿದ್ದು ನೆನಪಿಡ್ತಾರ, ಬಿಟ್ಟಿದ್ದು ನೆನಪಿಡಂಗಿಲ್ಲ. ನಾನು ಓಡಿ ಹೋಗಿ ತಂಬೂರಿ ಎತ್ತಿದೆ. ಹರದ ತುಂಡು ನನ್ನ ಕೈಯಾಗ ಇತ್ತು. ಭಜನಿ ಮೇಳದ ಯಜಮಾನ ಬಸವಂತ್ರಾಯ ಬಂದು, "ಹಂಪಣ್ಣ, ಪಟ್ಟಿ ಹರೀತೇನು?" ಅಂತ ಕೇಳಿದ. ಅಮೀನ ಸಾಹೇಬರ ಜವಾನ ಅಲ್ಲೇ ನಿಂತಿದ್ದ. ಹಂಪಣ್ಣನ ಕೆಲಸ ಹರೀತು ಅಂತ ಸುದ್ದಿ ಹೋದ್ರ? ತುಂಡು ಕಿಸೇದಾಗ ಹಾಕಿದೆ. ಯಾರೂ ನೋಡ್ಲಿಲ್ಲ. "ನನ್ನ ಪಟ್ಟಿ ಹರಿಯಂಗಿಲ್ರಿ. ಹೆಗಲಿಂದ ಜಾರ್ಯದ" ಅಂದೆ. ತಂಬೂರಿ ನನ್ನ ಶಲ್ಯದಾಗ ಸುತ್ತಿ ಮನಿಗೆ ತಂದೆ.

ಅವನು ಕುಡದಿದ್ದ ಅಂತ ನಾನು ಅನಲಿಲ್ಲ. ಇಷ್ಟು ದಿನ ಇದನ್ನೇ ನನಗ ನಾನೇ ಹೇಳ್ಕೊಂಡೀನಿ. ಆದ್ರ ಮಧ್ಯಾಹ್ನ ನೀ ಅಡಗಿ ಮನ್ಯಾಗ ನನ್ನ ತಡದು ಕೇಳಿದಿ. "ಅಪ್ಪಾ, ಖರೇ ಹೇಳು. ಮತ್ತ ಸಿಂದಿ ಮುಟ್ಟಿದ್ರ ಅವನ ಕೂಡ ನನ್ನ ಮಾತು ಮುಗೀತು ಅಂತ ಆಣಿ ಮಾಡೀನಿ. ಪಟ್ಟಿ ಹರೀತೇನು?" ಅಂದಿ. ನಿನ್ನ ಕೈಯಾಗ ಹೋಳಿಗಿ ಹಿಟ್ಟು ಇತ್ತು. ನಾನು "ಪಟ್ಟಿ ಗಟ್ಟಿ ಅದವ್ವಾ" ಅಂದೆ. ಅಷ್ಟ. ಉಳದದ್ದು ನೀನೇ ತಿಳಕೊಂಡಿ. ಅವನು ಕುಡದಿಲ್ಲ ಅಂತ ನಿನ್ನ ಮುಂದ ಎಷ್ಟು ಸಲ ಹೇಳಿದ್ನೋ, ನೀ ಅಪ್ಪನ ಮಾತು ಹಿಡದಿ.

ಮೇಳದವರು ಅವನನ್ನ ಬಿಟ್ರು. ನಾಕು ತಿಂಗಳು ಅವನು ಹಾಡಿಲ್ಲ ಅಂತ ನಬಿಸಾಬ ಹೇಳ್ದ. ತೊಟ್ಟಿಲಕ್ಕ ಗಿಳಿ ಬರಿಯೂ ಮುಂದನೂ ಗುನುಗಂಗಿಲ್ಲಂತ.

ನಿನ್ನೆ ಹಾಲು ಎರದು ಬಂದ ಮ್ಯಾಲೆ ಬಸವಂತ್ರಾಯನ ಮನಿಗೆ ಹೋಗಿ, ನಾಕು ಜನರ ಮುಂದ ಎಲ್ಲಾ ಹೇಳೀನಿ. ಅವನು, "ಐವತ್ತು ವರ್ಷದವ ಅದೀಯಲ್ಲೋ ಹಂಪಣ್ಣ. ಒಂದು ತೂತು ನೋಡಾಕ ನಾಕು ತಿಂಗಳು ಬೇಕಾತೇನು?" ಅಂದ. ಹೌದ್ರಿ ಅಂದೆ. ಮುಂದಿನ ಸೋಮವಾರ ಮೇಳದವರು ತಾವೇ ಶಹಾಪುರಕ್ಕ ಬಂದು ಅವನನ್ನ ಕರೀತಾರಂತ. ಮನಿಗೆ ಬಂದು ನಿಮ್ಮವ್ವಗೂ ಹೇಳಿದೆ. ಆಕಿ ಉಂಡಿ ಡಬ್ಬಿ ನನ್ನ ಎದರಿಂದ ಎತ್ತಿ ಒಳಗಿಟ್ಳು.

ಉಂಡಿ ಡಬ್ಬ್ಯಾಗ, ಕೆಳಗ, ಅರಿವ್ಯಾಗ ಕಟ್ಟಿ ಆ ಹರದ ತುಂಡು ಇಟ್ಟೀನಿ. ನನ್ನ ಮಾತು ನಂಬಬ್ಯಾಡ ನೀ. ಜೀನಗಾರರ ಮನ್ಯಾಗ ಹುಟ್ಟೀ, ಮಡಚಿ ನೋಡು. ಹಿಟ್ಟು ಉದರ್ತದ.

ನೂರು ವರ್ಷ ಬಾಳ್ರಿ ಇಬ್ಬರೂ. ನಿಮ್ಮನ್ಯಾಗ ಅವನ ದನಿ ಕೇಳಲಿ, ನಿನ್ನ ದನಿನೂ ಕೇಳಲಿ. ಇದಕ್ಕಿಂತ ಹೆಚ್ಚು ಬೇಡಾಕ ನನಗ ಹಕ್ಕಿಲ್ಲ.

ನಿಮ್ಮಪ್ಪ
ಹಂಪಣ್ಣ ಜೀನಗಾರ

ಸಹಿ ಮಾಡಿದ ಮ್ಯಾಲೆ ಬರೀತೀನಿ. ತುಂಡು ಕಿಸೇದಾಗ ಹಾಕಿದ್ದು ಯಾರೂ ನೋಡ್ಲಿಲ್ಲ ಅಂತ ಮ್ಯಾಲೆ ಬರದೀನಿ. ಅದೊಂದು ಸುಳ್ಳು. ದ್ಯಾವಪ್ಪ ನೋಡಿದ. ಕೆಳಗ ಕುಂತು ಬುರುಡಿ ಚೂರು ಆರಸಾಕತ್ತಿದ್ದ, ತಲಿ ಎತ್ತಿ ನನ್ನ ಕೈ ನೋಡಿದ, ಆಮ್ಯಾಲೆ ನನ್ನ ಮಾರಿ ನೋಡಿದ. ಬಾಯಿ ತೆರದ. ಅಷ್ಟರಾಗ ನೀ ಹೆಂಗಸರ ಗುಂಪಿನಿಂದ ಓಡಿ ಬರೂದು ಕಾಣಿಸ್ತು. ಅವನು ತಲಿ ಬಗ್ಗಿಸಿ ಮತ್ತ ಚೂರು ಆರಸಿದ. ಕುಡದಿಲ್ಲ ಅಂತ ನಿನ್ನ ಮುಂದ ಹೇಳಿರಬೇಕು, ಪಟ್ಟಿ ಹರೀತು ಅಂತ ಒಮ್ಮೆನೂ ಹೇಳಿಲ್ಲ. ನಿನ್ನ ಮುಂದ ನಿಮ್ಮಪ್ಪ ಸಣ್ಣವ ಆಗಬಾರದು ಅಂತ ತಾನು ಕುಡುಕ ಅನಿಸ್ಕೊಂಡಾನ.

ದ್ಯಾವಪ್ಪಾ, ಇಷ್ಟು ಬಿಟ್ಟು ಕಾಗದ ಮಡಚಬೇಕು ಅಂತ ನಿನಗ ಅನಸ್ತದ, ನನಗ ಗೊತ್ತದ. ಮಡಚಬ್ಯಾಡಪಾ. ಜೋರಿಲೆ ಓದು. ಆಕಿ ಬೆರಳು ಕುದರಿ ಮ್ಯಾಲೆ ಅದ.